ಪಾರ್ಲಿಮೆಂಟ್ ಬೆಳ್ಳಪ್ಪನ ಅಫಿಡವಿಟ್

ಸಾಗರದಲ್ಲಿ ಬೆಳ್ಳಪ್ಪ ಎಂಬ ಹೆಸರಿನವರು ಇನ್ನೂ ನಾಲ್ಕೈದು ಜನ ಇದ್ದಾರು. ಆದರೆ ಪಾರ್ಲಿಮೆಂಟ್ ಬೆಳ್ಳಪ್ಪ ಎಂದರೆ ಆಟೋದವರು ಬೇರೇನೂ ಕೇಳದೆ ಅವನ ಮನೆ ಮುಂದೆ ತಂದು ಇಳಿಸುತ್ತಿದ್ದರು. ಬ್ಯಾಕೋಡಿನ ಕಡೆಯ ಒಂದು ಗೇಣಿ ಒಕ್ಕಲಿನ ಮನೆಯಲ್ಲಿ ಹುಟ್ಟಿದ ಈ ಮನುಷ್ಯ ಮೂವತ್ತೊಂದು ವರ್ಷ ದೆಹಲಿಯ ಲೋಕಸಭೆಯಲ್ಲಿ ಅಟೆಂಡರ್ ಆಗಿದ್ದ. ಸದನ ನಡೆಯುವಾಗ ಸದಸ್ಯರ ಮುಂದೆ ಕಾಗದಪತ್ರ ಇಡುವುದು, ನೀರು ಕೊಡುವುದು, ಒಬ್ಬರು ಬರೆದುಕೊಟ್ಟ ಚೀಟಿಯನ್ನು ಇನ್ನೊಬ್ಬರಿಗೆ ಮುಟ್ಟಿಸುವುದು ಅವನ ಕೆಲಸ. ಸದನವನ್ನು ಟೀವಿಯಲ್ಲಿ ತೋರಿಸಲು ಶುರುಮಾಡಿದ ಮೇಲೆ ಒಮ್ಮೆ ಅವನ ಬೆನ್ನು ಮತ್ತು ಒಂದು ಮೊಣಕೈ ಬ್ಯಾಕೋಡಿನ ಟೀವಿಯಲ್ಲೂ ಕಾಣಿಸಿತ್ತು. ಅದನ್ನು ನೋಡಿದವರು ಊರಲ್ಲಿ ಈಗಲೂ ಇದ್ದಾರೆ.

ಎರಡು ಸಾವಿರದ ಹದಿನೇಳರಲ್ಲಿ ನಿವೃತ್ತನಾಗಿ ಬಂದು ಸಾಗರದಲ್ಲೇ ಸಣ್ಣ ಮನೆ ಕಟ್ಟಿಕೊಂಡ. ಆಗಸ್ಟ್ ಹದಿನೈದು, ಜನವರಿ ಇಪ್ಪತ್ತಾರು ಬಂತೆಂದರೆ ಯಾವುದಾದರೊಂದು ಶಾಲೆಯವರು ಅವನನ್ನು ಕರೆಯುತ್ತಿದ್ದರು. ಅವನು ಕುತ್ತಿಗೆಯವರೆಗೆ ಗುಂಡಿ ಹಾಕುವ ಕಪ್ಪು ಕೋಟು ತೊಟ್ಟು ಹೋಗಿ, ಮಸೂದೆ ಎಂದರೇನು, ಅದನ್ನು ಹೇಗೆ ಮಂಡಿಸುತ್ತಾರೆ, ಮತ ಹಾಕುವಾಗ ಬಾಗಿಲುಗಳನ್ನು ಹೇಗೆ ಮುಚ್ಚಿಸುತ್ತಾರೆ, ಆಮೇಲೆ ಅದು ರಾಜ್ಯಸಭೆಗೆ, ಅಲ್ಲಿಂದ ರಾಷ್ಟ್ರಪತಿಗಳ ಸಹಿಗೆ ಹೇಗೆ ಹೋಗುತ್ತದೆ ಎಂದೆಲ್ಲ ಹೇಳುತ್ತಿದ್ದ. ಹೇಳುವಾಗ ಯಾವಾಗಲೂ ‘ನಾವು’ ಎನ್ನುತ್ತಿದ್ದ. ನಾವು ಆ ಬಿಲ್ಲನ್ನು ಪಾಸು ಮಾಡಿದ್ವಿ, ನಾವು ಈ ಬಿಲ್ಲನ್ನು ಸಮಿತಿಗೆ ಕಳಿಸಿದ್ವಿ. ಮಕ್ಕಳು ಅದನ್ನು ನಂಬುತ್ತಿದ್ದರು. ದೊಡ್ಡವರೂ ಅರ್ಧ ನಂಬುತ್ತಿದ್ದರು.

ಅವನಿಗೆ ಕಾಯ್ದೆಯ ಮೇಲೆ ಇದ್ದದ್ದು ಬರೀ ನೌಕರಿಯ ಅಭಿಮಾನವಲ್ಲ. ಅವನು ಹೈಸ್ಕೂಲಿಗೆ ಹೋಗುತ್ತಿದ್ದಾಗ ಭೂಸುಧಾರಣೆ ಬಂದು, ಅವನಪ್ಪ ಗೇಣಿ ಕೊಟ್ಟು ಉಳುತ್ತಿದ್ದ ಗದ್ದೆ ಅಪ್ಪನ ಹೆಸರಿಗೇ ಆಗಿತ್ತು. ಎಲ್ಲೋ ಕೂತು ಯಾರೋ ಬರೆದ ನಾಲ್ಕು ಸಾಲಿನಿಂದ ಅಪ್ಪ ಧಣಿಯ ಅಂಗಳದಲ್ಲಿ ಕೈಕಟ್ಟಿ ನಿಲ್ಲುವುದು ನಿಂತುಹೋಯಿತು ಎಂಬುದು ಅವನ ಮನಸ್ಸಿನಲ್ಲಿ ಹಾಗೇ ಕೂತಿತ್ತು. ಕಾಯ್ದೆ ಬರೆದರೆ ಕೆಲಸ ಆದಂತೆ ಎಂದು ಅವನು ತಿಳಿದಿದ್ದ.

ಹೀಗೆ ಆರು ವರ್ಷ ಕಳೆದ ಮೇಲೆ ನಾಗೇಂದ್ರ ಊರಿಗೆ ಬಂದ.

ನಾಗೇಂದ್ರ ಹೊಸನಗರದ ಕಡೆಯವನು, ಬೆಳ್ಳಪ್ಪನಿಗಿಂತ ಆರು ವರ್ಷ ಚಿಕ್ಕವನು. ತೊಂಬತ್ತರಲ್ಲಿ ಕೈಯಲ್ಲೊಂದು ಚೀಲ ಹಿಡಿದು ದೆಹಲಿಗೆ ಬಂದಾಗ ಅವನನ್ನು ಸ್ಟೇಷನ್ನಿನಿಂದ ಕರೆದುಕೊಂಡು ಹೋದವನು ಬೆಳ್ಳಪ್ಪನೇ. ಆರ್.ಕೆ. ಪುರಂನ ಒಂದೇ ಕೋಣೆಯ ಕ್ವಾರ್ಟರ್ಸಿನಲ್ಲಿ ಏಳು ತಿಂಗಳು ಇಟ್ಟುಕೊಂಡ. ಹೆಂಡತಿ ಪುಷ್ಪಮ್ಮ ಅವನಿಗೂ ಸೇರಿಸಿ ಅನ್ನ ಬೇಯಿಸಿದಳು. ಸುಪ್ರೀಂ ಕೋರ್ಟಿನಲ್ಲಿ ಕಸ ಗುಡಿಸುವ, ಕುರ್ಚಿ ಒರೆಸುವ ಕೆಲಸ ಖಾಲಿ ಇದೆ ಎಂದು ಅರ್ಜಿ ಬರೆಸಿ ಹಾಕಿಸಿದವನೂ ಬೆಳ್ಳಪ್ಪ. ಆ ನಾಗೇಂದ್ರ ಮೆಲ್ಲಮೆಲ್ಲಗೆ ಮೇಲೆ ಬಂದು, ಕೊನೆಗೆ ನ್ಯಾಯಮೂರ್ತಿಗಳ ಜಮಾದಾರನಾದ. ನ್ಯಾಯಮೂರ್ತಿಗಳು ಕೋರ್ಟ್ ಹಾಲಿಗೆ ಬರುವಾಗ ದಾರಿ ಬಿಡಿಸಿಕೊಂಡು ಮುಂದೆ ನಡೆಯುವುದು, ಅವರು ಕೂರುವಾಗ ಕುರ್ಚಿ ಹಿಡಿಯುವುದು ಅವನ ಕೆಲಸ. ನಾಗೇಂದ್ರ ಒಳಗೆ ಕಾಲಿಟ್ಟಾಗ ಇಡೀ ಕೋರ್ಟ್ ಹಾಲ್ ಎದ್ದು ನಿಲ್ಲುತ್ತದೆ ಎಂದು ಯಾರೋ ಹೇಳಿದ ದಿನ ಬೆಳ್ಳಪ್ಪನಿಗೆ ಊಟ ಸೇರಿರಲಿಲ್ಲ. ಎದ್ದು ನಿಲ್ಲುವುದು ಹಿಂದೆ ಬರುವವರಿಗೆ ಎಂದು ಅವನು ಪುಷ್ಪಮ್ಮನಿಗೆ ಎರಡು ಸಲ ಹೇಳಿದ್ದ.

ಈಗ ಅದೇ ನಾಗೇಂದ್ರ ನಿವೃತ್ತನಾಗಿ, ಊರಾದ ಊರೆಲ್ಲ ಬಿಟ್ಟು, ಸಾಗರದಲ್ಲೇ, ಬೆಳ್ಳಪ್ಪನ ಮನೆಯಿಂದ ಎರಡು ಬೀದಿ ಆಚೆ ಮನೆ ಕೊಂಡ.

ಮೊದಲ ತಿಂಗಳು ಹೋಗುವುದು ಬರುವುದು ಇತ್ತು. ಆಮೇಲೆ ಜನಕ್ಕೆ ಸುದ್ದಿ ತಿಳಿಯಿತು. ಸುತ್ತಿನ ಮೂರು ತಾಲೂಕಿನಲ್ಲಿ ಜಮೀನಿನ ತಕರಾರು ಇಲ್ಲದ ಮನೆ ಹುಡುಕುವುದು ಕಷ್ಟ. ಗಡಿಯದು, ಸರ್ವೆಯದು, ಬಗರ್ ಹುಕುಂನದು, ಅಣೆಕಟ್ಟಿನ ಮುಳುಗಡೆಯದು, ಒಂದಲ್ಲ ಒಂದು ಇದ್ದೇ ಇರುತ್ತದೆ. ಪಾರ್ಲಿಮೆಂಟಿನ ಕಥೆ ಕೇಳಲು ಚೆನ್ನ. ಕೋರ್ಟಿನ ವಿಷಯ ಕೇಳಲೇಬೇಕಾದದ್ದು. ಅರಳಸುರಳಿಯಿಂದ, ಮೇಳಿಗೆಯಿಂದ ಜನ ಫೈಲು ಕಂಕುಳಲ್ಲಿಟ್ಟು ನಾಗೇಂದ್ರನ ಮನೆಗೆ ಬರತೊಡಗಿದರು. ಬೆಳ್ಳಪ್ಪ ಬೆಳಗಿನ ವಾಕಿಂಗಿನ ದಾರಿ ಬದಲಾಯಿಸಿ ಆ ಬೀದಿಯಲ್ಲೇ ಹೋಗತೊಡಗಿದ. ಬಾಗಿಲ ಮುಂದೆ ಬಿಟ್ಟ ಚಪ್ಪಲಿ ಎಣಿಸುತ್ತಿದ್ದ. ಆರು ಜೊತೆ, ಒಂಬತ್ತು ಜೊತೆ. ಮನೆಗೆ ಬಂದು ಕಾಫಿ ಸರಿಯಿಲ್ಲ ಎನ್ನುತ್ತಿದ್ದ.

ಅದೇ ವರ್ಷ ನವೆಂಬರ್ ಇಪ್ಪತ್ತಾರರ ಸಂವಿಧಾನ ದಿನಕ್ಕೆ ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿ ಸುಮನಾ ಮೇಡಂ ಫೋನು ಮಾಡಿದಾಗ ಬೆಳ್ಳಪ್ಪ ಕೋಟನ್ನು ಇಸ್ತ್ರಿಗೆ ಕೊಟ್ಟಾಗಿತ್ತು. ಈ ಸಲ ನಾಗೇಂದ್ರ ಅವರು ಮಾತಾಡಲಿ, ನೀವು ಅತಿಥಿಯಾಗಿ ಬಂದು ಮುಂದೆ ಕೂತರೆ ನಮಗೆ ಸಂತೋಷ ಎಂದರು ಅವರು. ಹೋಗದಿದ್ದರೆ ಜನ ಏನೆಂದುಕೊಂಡಾರು ಎಂದು ಹೋದ.

ನಾಗೇಂದ್ರ ಚೆನ್ನಾಗಿ ಮಾತಾಡಿದ. ಅದೇ ಬೆಳ್ಳಪ್ಪನಿಗೆ ತಡೆಯಲಾಗದ್ದು. ಕಾಯ್ದೆ ಬರೆಯೋರು ಬೇರೆ, ಅದನ್ನ ಜಾರಿಗೆ ತರೋರು ಬೇರೆ, ಬರೆದದ್ದು ಸಂವಿಧಾನಕ್ಕೆ ಸರಿಯಿದೆಯಾ, ಜಾರಿ ಮಾಡಿದ್ದು ಕಾಯ್ದೆಯ ಪ್ರಕಾರ ಇದೆಯಾ ಅಂತ ನೋಡೋರು ಬೇರೆ ಎಂದು ಅವನು ಬಿಡಿಸಿ ಹೇಳಿದ. ಮೂರನ್ನೂ ಒಬ್ಬರ ಕೈಗೇ ಕೊಟ್ಟರೆ ಏನಾಗುತ್ತದೆ ಎಂದು ಮಕ್ಕಳನ್ನೇ ಕೇಳಿದ. ಒಬ್ಬ ಹುಡುಗಿ ಎದ್ದು, ಕಬಡ್ಡಿಯಲ್ಲಿ ಆಡುವವರೇ ಅಂಪೈರ್ ಆದ ಹಾಗೆ ಎಂದಳು. ಎಲ್ಲರೂ ನಕ್ಕರು. ಬೆಳ್ಳಪ್ಪನ ಆರು ವರ್ಷದ ಭಾಷಣಗಳಲ್ಲಿ ಒಂದು ಮಗುವೂ ಹಾಗೆ ಎದ್ದು ಉತ್ತರ ಹೇಳಿರಲಿಲ್ಲ.

ಪಾರ್ಲಿಮೆಂಟ್ ಎಂದರೆ ಎರಡು ಸದನ ಎಂದು ನಾಗೇಂದ್ರ ಒಂದು ಕಡೆ ಹೇಳಿದಾಗ ಬೆಳ್ಳಪ್ಪ ಕೂತಲ್ಲಿಂದಲೇ ಎದ್ದ. ಎರಡು ಸದನ ಮಾತ್ರ ಅಲ್ಲ, ರಾಷ್ಟ್ರಪತಿಗಳೂ ಸೇರಿದರೆ ಪಾರ್ಲಿಮೆಂಟು, ಇಷ್ಟೂ ಗೊತ್ತಿಲ್ಲದೆ ಮಕ್ಕಳಿಗೆ ಹೇಳಬಾರದು ಎಂದ. ಮಾತು ಸರಿಯಾಗಿಯೇ ಇತ್ತು, ದನಿ ಸರಿಯಿರಲಿಲ್ಲ. ನಾಗೇಂದ್ರ ಕೈಮುಗಿದು, “ಬೆಳ್ಳಪ್ಪಣ್ಣ ಹೇಳಿದ್ದೇ ಸರಿ. ನಂಗೆ ದೆಹಲಿಲಿ ಅನ್ನ ಹಾಕಿದವ್ರು ಅವ್ರು, ಪಾಠ ಹೇಳಿದವ್ರೂ ಅವ್ರೇ,” ಎಂದ. ಮಕ್ಕಳು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯೂ ನಾಗೇಂದ್ರನಿಗೇ ಹೋಯಿತು.

ಮಾರನೇ ದಿನದಿಂದ ಬೆಳ್ಳಪ್ಪ ಹೋಟೆಲಿನಲ್ಲಿ, ಕ್ಷೌರದಂಗಡಿಯಲ್ಲಿ ಸಣ್ಣಸಣ್ಣ ಮಾತು ಬಿಡತೊಡಗಿದ. ಕುರ್ಚಿ ಎಳೆದವನಿಗೆ ಕಾನೂನು ಬರುತ್ತದೆ ಎನ್ನುವುದಾದರೆ ಆಸ್ಪತ್ರೆಯ ಬಾಗಿಲು ಕಾಯುವವನ ಹತ್ತಿರ ಆಪರೇಷನ್ ಮಾಡಿಸಿಕೊಳ್ಳಬಹುದು ಎಂದ. ಕೇಳಿದವರು ನಕ್ಕರು, ನಕ್ಕು ನಾಗೇಂದ್ರನ ಮನೆಗೇ ಹೋದರು.

ಮುಂದಿನ ಜನವರಿಯಲ್ಲಿ ದುಗ್ಗಮ್ಮ ಬಂದಳು. ಅವಳು ಬೆಳ್ಳಪ್ಪನ ಚಿಕ್ಕಪ್ಪನ ಮಗಳು. ಗಂಡ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಬ್ಯಾಕೋಡಿನಿಂದ ಒಳಗೆ ಕಾಡಿನ ಅಂಚಿನಲ್ಲಿ, ಗಂಡನ ಅಜ್ಜನ ಕಾಲದಿಂದ ಮಾಡಿಕೊಂಡು ಬಂದ ಒಂದೂವರೆ ಎಕರೆ ಗದ್ದೆ, ಒಂದು ಹೆಂಚಿನ ಮನೆ, ಎರಡು ಎಮ್ಮೆ ಅವಳ ಬದುಕು. ಅರಣ್ಯ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿದ್ದಳು, ಅದು ಏನಾಯಿತೆಂದು ಯಾರೂ ಹೇಳಿರಲಿಲ್ಲ. ಈಗ ಜಾಗ ಬಿಟ್ಟು ಏಳಬೇಕೆಂಬ ಅರಣ್ಯ ಇಲಾಖೆಯ ಆದೇಶ ಬಂದಿತ್ತು. ಲಾಂಚಿನಲ್ಲಿ ಹಿನ್ನೀರು ದಾಟಿ, ಬಸ್ಸು ಹಿಡಿದು ಬಂದಿದ್ದಳು.

ಬೆಳ್ಳಪ್ಪ ಆದೇಶದ ಕಾಗದ ಓದಿ ಕನ್ನಡಕ ತೆಗೆಯುವಷ್ಟರಲ್ಲಿ ಅವಳು, ಮೊದಲು ನಾಗೇಂದ್ರಣ್ಣನ ಮನೆಗೆ ಹೋಗಿ ಬಂದೆ ಎಂದಳು. ಬಸ್ಸಿನಲ್ಲಿ ಸಿಕ್ಕವರು ಅಲ್ಲಿಗೆ ಹೋಗು ಎಂದಿದ್ದರಂತೆ. ಮೂವತ್ತು ದಿನದೊಳಗೆ ಶಿವಮೊಗ್ಗದಲ್ಲಿ ಮೇಲ್ಮನವಿ ಹಾಕಬೇಕು, ಒಂದು ದಿನವೂ ದಾಟಬಾರದು, ವಕೀಲ ರವಿಶಂಕರ ಅವರನ್ನು ನಾಳೆಯೇ ನೋಡು ಎಂದು ನಾಗೇಂದ್ರ ಚೀಟಿ ಬರೆದುಕೊಟ್ಟಿದ್ದ. ಅವಳು ಸೆರಗಿನ ತುದಿಯ ಗಂಟು ಬಿಚ್ಚಿ ಆ ಚೀಟಿ ತೋರಿಸಿದಳು.

ಒಡಹುಟ್ಟಿದವಳಂಥವಳು. ಅವಳೂ ಮೊದಲು ಅಲ್ಲಿಗೆ ಹೋದಳು.

“ಮೇಲ್ಮನವಿ ಎಂತದೂ ಬ್ಯಾಡ,” ಎಂದ. “ಎರಡ್ ಸಾವ್ರದ ಆರನೇ ಇಸವಿ ಡಿಸೆಂಬರ್‌ನಲ್ಲಿ ಈ ಕಾಯ್ದೆ ಪಾಸಾಗೋವಾಗ ನಾನು ಸದನದ ಒಳಗೇ ಇದ್ದೆ ಕಣೇ. ಅರ್ಜಿ ತೀರ್ಮಾನ ಆಗೋತನಕ ಯಾರನ್ನೂ ಎಬ್ಬಿಸಂಗಿಲ್ಲ ಅಂತ ಅದ್ರಲ್ಲೇ ಬರ್ದಿದೆ. ನೀ ಸುಮ್ನೆ ಮನೆಗೆ ಹೋಗು. ದೆಹಲಿಗೆ ನಾನು ಬರೀತೀನಿ.”

“ಮೂವತ್ತು ದಿನ ಅಂದ್ರಲ್ಲ ಅಣ್ಣ ಅವ್ರು?”

“ಅವ್ನು ಹೇಳ್ತಾನೆ. ಕಾಯ್ದೆ ಮಾಡಿದವ್ರು ನಾವೋ, ಅವ್ನೋ?”

ಪುಷ್ಪಮ್ಮ ಒಳಗಿನಿಂದ, ಎರಡೂ ಮಾಡಿದರೆ ಏನಾಗುತ್ತದೆ ಎಂದು ಕೇಳಿದಳು. ಬೆಳ್ಳಪ್ಪ ಆದೇಶದ ಕಾಗದ ಮಡಿಸಿ ದುಗ್ಗಮ್ಮನ ಕೈಗೆ ಕೊಟ್ಟ. ದುಗ್ಗಮ್ಮ ಅಣ್ಣನ ಮಾತಿನಂತೆ ಊರಿಗೆ ಹೋದಳು. ಚೀಟಿ ಟೀಪಾಯಿಯ ಮೇಲೇ ಉಳಿಯಿತು. ಅದರಲ್ಲಿ ‘ಮೂವತ್ತು ದಿನ’ ಎಂಬುದಕ್ಕೆ ನಾಗೇಂದ್ರ ಎರಡು ಸಲ ಗೆರೆ ಎಳೆದಿದ್ದ. ಬೆಳ್ಳಪ್ಪ ಅದನ್ನು ಓದಿದ, ಮಡಿಸಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ.

ಅವನು ಸೋಮಾರಿತನ ಮಾಡಲಿಲ್ಲ. ಅಂದೇ ಕೂತು ಒಳ್ಳೆಯ ಅಕ್ಷರದಲ್ಲಿ ನಾಲ್ಕು ಪುಟದ ಮನವಿ ಬರೆದು, ದೆಹಲಿಯ ಸಚಿವಾಲಯಕ್ಕೆ, ಸಂಸದರ ಕಚೇರಿಗೆ, ಪಾರ್ಲಿಮೆಂಟಿನಲ್ಲಿ ಇನ್ನೂ ಕೆಲಸದಲ್ಲಿದ್ದ ಹಳೆಯ ಗೆಳೆಯನಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ. ಫೆಬ್ರವರಿ ಕಳೆಯಿತು. ಮೂವತ್ತನೇ ದಿನ ಬಂದದ್ದು ಅವನಿಗೆ ಗೊತ್ತಿತ್ತು. ಬೆಳಿಗ್ಗೆ ಏಳುವಾಗಲೇ ನೆನಪಾಯಿತು. ರವಿಶಂಕರರ ಆಫೀಸು ಹತ್ತು ನಿಮಿಷದ ನಡಿಗೆ. ಅವನು ಅಂದು ವಾಕಿಂಗಿಗೂ ಹೋಗಲಿಲ್ಲ. ಏಪ್ರಿಲಿನಲ್ಲಿ ಸಚಿವಾಲಯದಿಂದ ಉತ್ತರ ಬಂತು: ತಮ್ಮ ಮನವಿಯನ್ನು ಮುಂದಿನ ಸೂಕ್ತ ಕ್ರಮಕ್ಕಾಗಿ ರಾಜ್ಯ ಸರ್ಕಾರಕ್ಕೆ ಕಳುಹಿಸಲಾಗಿದೆ. ಬೆಳ್ಳಪ್ಪ ಅದನ್ನು ಹೋಟೆಲಿಗೆ ಒಯ್ದು ಎಲ್ಲರಿಗೂ ತೋರಿಸಿದ.

ಜೂನ್ ಮೊದಲ ವಾರ ಅರಣ್ಯ ಇಲಾಖೆಯ ಸಿಬ್ಬಂದಿ ಬಂದು ದುಗ್ಗಮ್ಮನ ಬೇಲಿ ಕಿತ್ತರು. ಕೊಟ್ಟಿಗೆ ಬಿಚ್ಚಿದರು. ಜೆಸಿಬಿ ತಂದು ಗದ್ದೆಯ ನಡುವೆ ಟ್ರೆಂಚ್ ಹೊಡೆದರು. ಅವರ ಕೈಯಲ್ಲಿ ಯಾರೂ ಪ್ರಶ್ನಿಸದ ಒಂದು ಆದೇಶ ಇತ್ತು, ಅದರಂತೆ ಮಾಡಿದರು. ಮನೆಯನ್ನು ಮಾತ್ರ ಮಳೆಗಾಲ ಮುಗಿಯುವವರೆಗೆ ಬಿಟ್ಟಿದ್ದೇವೆ ಎಂದು ಹೇಳಿ ಹೋದರು.

ಸುದ್ದಿ ತಿಳಿದು ಲಾಂಚ್ ಹಿಡಿದು ಹೊರಟವನು ನಾಗೇಂದ್ರ. ಬೆಳ್ಳಪ್ಪನಿಗೆ ಹೋಗುವ ಮುಖ ಇರಲಿಲ್ಲ. ನಾಗೇಂದ್ರ ಅವಳನ್ನು ರವಿಶಂಕರರ ಹತ್ತಿರ ಕರೆತಂದ, ಮೇಲ್ಮನವಿ ಹಾಕಿಸಿದ. ನಾಲ್ಕು ತಿಂಗಳು ತಡವಾಗಿದೆ, ತಡಕ್ಕೆ ಕಾರಣ ಕೊಟ್ಟಿಲ್ಲ ಎಂದು ಅದು ವಜಾ ಆಯಿತು. ಇನ್ನು ಉಳಿದದ್ದು ಹೈಕೋರ್ಟು. ಅಲ್ಲೂ ಮೊದಲ ಪ್ರಶ್ನೆ ಅದೇ, ತಡ ಯಾಕಾಯಿತು?

ಪುಷ್ಪಮ್ಮ ಒಂದು ಸಂಜೆ ಸಂತೆಯಿಂದ ಬಂದವಳು ಚೀಲ ಇಳಿಸದೆಯೇ ಹೇಳಿದಳು. “ದುಗ್ಗಿ ವಕೀಲರತ್ರ ನಿಮ್ಮ ಹೆಸ್ರು ಹೇಳಿಲ್ವಂತೆ. ಎಷ್ಟ್ ಕೇಳಿದ್ರೂ, ನಂಗೇ ಗೊತ್ತಾಗ್ಲಿಲ್ಲ, ಓದಕ್ಕೆ ಬರಲ್ಲ ಅಂತಾಳಂತೆ. ಅವ್ಳಿಗೆ ಓದಕ್ಕೆ ಬರಲ್ವಾ? ಏಳನೇ ಕ್ಲಾಸ್ ಪಾಸಾದವ್ಳು.”

ಬೆಳ್ಳಪ್ಪ ಆ ದಿನ ಊಟಕ್ಕೆ ಏಳಲಿಲ್ಲ. ಮಾರನೇ ದಿನ ಹತ್ತು ಗಂಟೆಗೆ ರವಿಶಂಕರರ ಆಫೀಸಿಗೆ ಹೋದ. ಅಲ್ಲಿ ದುಗ್ಗಮ್ಮ ಬೆಂಚಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ನಾಗೇಂದ್ರ. ಅವನನ್ನು ಅಲ್ಲಿ ಕಂಡು ಬೆಳ್ಳಪ್ಪನಿಗೆ ವಾಪಸ್ ಹೋಗಿಬಿಡಬೇಕು ಎನಿಸಿತು. ಹೋಗಲಿಲ್ಲ. ಇವಳಿಗೆ ಮೇಲ್ಮನವಿ ಬೇಡ ಎಂದವನು ನಾನು ಎಂದು ವಕೀಲರಿಗೆ ಹೇಳಿದ.

ರವಿಶಂಕರ ಇನ್ನೂ ನಲವತ್ತು ದಾಟದ, ಮೆದು ಮಾತಿನ ಮನುಷ್ಯ. ಹಾಗಿದ್ದರೆ ನೀವೇ ಒಂದು ಅಫಿಡವಿಟ್ ಕೊಟ್ಟರೆ ದೊಡ್ಡ ಸಹಾಯ ಎಂದು ಅಲ್ಲೇ ಬರೆಯಲು ಕೂತರು. ಬರೆದದ್ದನ್ನು ಓದಿದರು. ಅರ್ಜಿದಾರಳ ಹಿರಿಯ ಸಂಬಂಧಿಯಾದ ನಾನು, ಕಾನೂನಿನ ಗಡುವು ತಿಳಿಯದೆ, ಸದುದ್ದೇಶದಿಂದ ಅವಳಿಗೆ ತಪ್ಪು ಸಲಹೆ ನೀಡಿದೆನು.

ಬೆಳ್ಳಪ್ಪ ಪೆನ್ನು ತೆಗೆದುಕೊಂಡು ಸಹಿ ಹಾಕಲು ಬಗ್ಗಿದ. ಸಹಿ ಹಾಕಿದ್ದರೆ ಎಲ್ಲವೂ ಅಲ್ಲಿಗೆ ಮುಗಿಯುತ್ತಿತ್ತು. ಅವನಿಗೆ ಕ್ಯಾಲೆಂಡರಿನ ಹಿಂದಿನ ಚೀಟಿ, ಎರಡು ಸಲ ಎಳೆದ ಗೆರೆ ಕಣ್ಣಿಗೆ ಕಟ್ಟಿತು. ಪ್ರಮಾಣ ಮಾಡಿ ಹೇಳುವ ಮಾತು ಎಂದು ಕಾಗದದ ಮೇಲೆಯೇ ಬರೆದಿತ್ತು. ಪ್ರತಿ ಚುನಾವಣೆಯಾದ ಮೇಲೆ ಸದನದಲ್ಲಿ ನೂರಾರು ಜನ ಪ್ರಮಾಣ ತೆಗೆದುಕೊಳ್ಳುವುದನ್ನು ಅವನು ಗೋಡೆಯ ಬದಿ ನಿಂತು ನೋಡಿದ್ದ.

“‘ತಿಳಿಯದೆ’ ಅನ್ನೋದು ತೆಗೀರಿ ವಕೀಲ್ರೇ,” ಎಂದ.

ರವಿಶಂಕರ ತಲೆಯೆತ್ತಿದರು.

“ತಿಳಿದೇ ಇತ್ತು. ಮೂವತ್ತು ದಿನ ಅಂತ ಇವ್ಳೇ ಹೇಳಿದ್ಳು. ಇವ್ನು ಬರ್ದ ಚೀಟಿನೂ ನನ್ ಕಣ್ಣಾರೆ ಓದಿದೀನಿ. ಇವ್ನು ಹೇಳಿದ್ ಮಾತು ಅಂತಲೇ ಬ್ಯಾಡ ಅಂದೆ. ಬೇರೆ ಯಾರಾದ್ರೂ ಹೇಳಿದ್ರೆ ನಾನೇ ಕರ್ಕೊಂಡು ಬರ್ತಿದ್ದೆ.”

ದುಗ್ಗಮ್ಮ ನೆಲ ನೋಡುತ್ತಿದ್ದಳು. ವಕೀಲರು, ಹಾಗಾದರೆ ಕಾರಣ ಏನೆಂದು ಬರೆಯಲಿ ಎಂದು ಕೇಳಿದರು. ಹೊಟ್ಟೆಕಿಚ್ಚು ಎಂದೇ ಬರೆಯಿರಿ ಎಂದ ಬೆಳ್ಳಪ್ಪ. ಅಫಿಡವಿಟ್ಟಿನಲ್ಲಿ ಹಾಗೆ ಬರೆಯುವ ರೂಢಿ ಇಲ್ಲ ಎಂದು ಅವರು ಯೋಚಿಸಿ, ‘ಸಲಹೆ ನೀಡಿದ ಮೂರನೇ ವ್ಯಕ್ತಿಯ ಮೇಲೆ ನನಗಿದ್ದ ವೈಯಕ್ತಿಕ ಅಸಮಾಧಾನದಿಂದ’ ಎಂದು ಬರೆದರು. ಗಡುವಿನ ವಿಷಯ ನನಗೆ ತಿಳಿದಿತ್ತು, ಅರ್ಜಿದಾರಳ ತಪ್ಪು ಏನೂ ಇಲ್ಲ ಎಂದು ಸೇರಿಸಿದರು. ಬೆಳ್ಳಪ್ಪ ಪೂರ್ತಿ ಹೆಸರಿನ ಸಹಿ ಹಾಕಿದ. ನೋಟರಿಯ ಹತ್ತಿರ ಹೋಗಿ ಮೊಹರು ಹಾಕಿಸಿಕೊಂಡು ಬಂದ.

ಹೊರಗೆ ರಸ್ತೆಯಲ್ಲಿ ನಾಗೇಂದ್ರ ಜೊತೆಯಲ್ಲೇ ನಡೆದ. ಕಾಯ್ದೆಯ ವಿಷಯದಲ್ಲಿ ನೀವು ಹೇಳಿದ್ದು ಸರಿಯಾಗಿಯೇ ಇತ್ತು ಎಂದ. “ಆದ್ರೆ ಬೆಳ್ಳಪ್ಪಣ್ಣ, ಅದನ್ನ ಯಾರಾದ್ರೂ ಹೋಗಿ ಕೇಳ್ಬೇಕಲ್ಲ. ನಿಮ್ಮಪ್ಪಯ್ಯನೂ ಡಿಕ್ಲರೇಷನ್ ಕೊಟ್ಟು, ಟ್ರಿಬ್ಯೂನಲ್ ಮುಂದೆ ಎಷ್ಟ್ ಸಲ ನಿಂತು ಜಮೀನು ತಗೊಂಡ್ರು ಅಂತ ದೆಹಲಿಲಿ ನೀವೇ ಹೇಳಿದ್ರಿ.”

ಹೇಳಿದ್ದು ನಿಜ. ಹದಿನಾಲ್ಕು ಸಲ ಅಪ್ಪ ಶಿವಮೊಗ್ಗ, ಸಾಗರ ಎಂದು ಅಲೆದಿದ್ದರು. ಅದನ್ನು ಬೆಳ್ಳಪ್ಪ ಮರೆತೇಬಿಟ್ಟಿದ್ದ, ನಾಗೇಂದ್ರ ನೆನಪಿಟ್ಟುಕೊಂಡಿದ್ದ. ನಾಗೇಂದ್ರ ಒಂದು ಮಾತು ಬೈದಿದ್ದರೆ ಬೆಳ್ಳಪ್ಪನಿಗೆ ಹಗುರಾಗುತ್ತಿತ್ತು. ಅವನು ಬೈಯಲಿಲ್ಲ. ಒಳ್ಳೆಯವನಾಗಿರುವುದರಲ್ಲೂ ಇವನೇ ಮುಂದೆ ಎಂದು ಬೆಳ್ಳಪ್ಪನಿಗೆ ಮತ್ತೆ ಒಳಗೆ ಉರಿಯಿತು.

ಕೇಸು ಹೈಕೋರ್ಟಿಗೆ ಹೋಗಿದೆ ಎಂದು ಇಲಾಖೆಯವರು ಮಳೆಗಾಲ ಕಳೆದರೂ ಮನೆಗೆ ಕೈಹಾಕಿರಲಿಲ್ಲ. ಮುಂದಿನ ವರ್ಷ ಫೆಬ್ರವರಿಯಲ್ಲಿ ಹೈಕೋರ್ಟಿನಲ್ಲಿ ವಿಷಯ ಬಂದಾಗ ದುಗ್ಗಮ್ಮನೂ ಸೇರಿ ಮೂವರೂ ವಕೀಲರ ಜೊತೆ ಬೆಂಗಳೂರಿಗೆ ಹೋದರು. ಬೆಳ್ಳಪ್ಪ ಆ ಕಪ್ಪು ಕೋಟನ್ನು ಹಾಕಿಕೊಂಡಿದ್ದ. ಎಲ್ಲಿ ಪಾಸು ಮಾಡಿಸಬೇಕು, ಯಾವ ಕೋರ್ಟ್ ಹಾಲ್, ಕೇಸಿನ ನಂಬರು ಎಲ್ಲಿ ಬೀಳುತ್ತದೆ ಎಂಬುದೆಲ್ಲ ನಾಗೇಂದ್ರನಿಗೆ ಒಂದು ನೋಟಕ್ಕೇ ತಿಳಿಯಿತು. ನ್ಯಾಯಮೂರ್ತಿಗಳು ಬಂದರು, ಎಲ್ಲರೂ ಎದ್ದರು, ಒಬ್ಬ ಮುದುಕ ಸಿಬ್ಬಂದಿ ಕುರ್ಚಿ ಎಳೆದ. ನಾಗೇಂದ್ರನ ಎರಡು ಕೈಗಳೂ ತಮಗೆ ತಾವೇ ಕುರ್ಚಿ ಹಿಡಿಯಲೆಂಬಂತೆ ಮುಂದೆ ಬಂದು ನಿಂತದ್ದನ್ನು ಬೆಳ್ಳಪ್ಪ ನೋಡಿದ.

ತನ್ನ ಅಫಿಡವಿಟ್ಟನ್ನು ಎಲ್ಲರೆದುರು ಓದುತ್ತಾರೆಂದು ಬೆಳ್ಳಪ್ಪ ಹಿಂದಿನ ಎರಡು ದಿನ ಹೆದರಿದ್ದ. ನ್ಯಾಯಮೂರ್ತಿಗಳು ಆ ಹಾಳೆಯ ಮೇಲೆ ಕಣ್ಣಾಡಿಸಿದರು, ಒಂದು ಕಡೆ ಸ್ವಲ್ಪ ನಿಂತರು, ಹಾಳೆ ತಿರುಗಿಸಿದರು. ಐದು ನಿಮಿಷವೂ ಆಗಲಿಲ್ಲ. ತಡವನ್ನು ಮನ್ನಿಸಲಾಗಿದೆ, ಮೇಲ್ಮನವಿಯನ್ನು ಅದರ ಗುಣದೋಷ ನೋಡಿ ಮತ್ತೆ ಕೇಳಬೇಕು, ಅವಳ ಅರಣ್ಯ ಹಕ್ಕಿನ ಅರ್ಜಿ ಏನಾಯಿತೆಂದು ಹೇಳಬೇಕು, ಅಲ್ಲಿಯವರೆಗೆ ಅವಳನ್ನು ಎಬ್ಬಿಸಬಾರದು. ವಕೀಲರು ಬಗ್ಗಿ ನಮಸ್ಕರಿಸಿ ಹೊರಗೆ ಬಂದರು. ದುಗ್ಗಮ್ಮನಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದವನು ನಾಗೇಂದ್ರ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಬೆಳ್ಳಪ್ಪನಿಗೆ ನಿರಾಳವಾಯಿತು. ಜೊತೆಗೆ, ಅಷ್ಟು ಕಷ್ಟಪಟ್ಟು ಹೇಳಿದ ಮಾತನ್ನು ಯಾರೂ ಓದಿ ಹೇಳಲಿಲ್ಲವಲ್ಲ ಎಂದು ಎಲ್ಲೋ ಸಣ್ಣಗೆ ಬೇಸರವೂ ಆಯಿತು. ಅದನ್ನು ಅವನು ಪುಷ್ಪಮ್ಮನಿಗೆ ಮಾತ್ರ ಹೇಳಿದ.

ಮೇಲ್ಮನವಿ ಇನ್ನೂ ನಡೆಯುತ್ತಿದೆ. ಅರ್ಜಿಯ ಫೈಲು ಒಂದು ಕಚೇರಿಯ ಕಪಾಟಿನಲ್ಲಿ ಸಿಕ್ಕಿದೆ. ಟ್ರೆಂಚಿನ ಆಚೆ ಉಳಿದ ಗದ್ದೆಗೆ ದುಗ್ಗಮ್ಮ ಆ ವರ್ಷವೇ ನಟ್ಟಿ ಮಾಡಿಸಿದಳು. ವಿಚಾರಣೆಯ ದಿನಾಂಕಗಳಿಗೆ ಅವಳ ಜೊತೆ ಶಿವಮೊಗ್ಗಕ್ಕೆ ಹೋಗುವವನು ಈಗ ಬೆಳ್ಳಪ್ಪ. ಶಾಲೆಗಳಲ್ಲಿ ಅವನು ಮಾತಾಡುವುದು ಕಡಿಮೆಯಾಗಿದೆ. ಮಾತಾಡಿದರೂ ‘ನಾವು’ ಎನ್ನುವುದನ್ನು ಬಿಟ್ಟು ‘ಸದನದವರು’ ಎನ್ನುತ್ತಾನೆ. ಮಸೂದೆ ಪಾಸಾದ ಮೇಲೆ ಏನಾಗುತ್ತದೆ ಎಂಬುದನ್ನೂ ಹೇಳುತ್ತಾನೆ, ಮೂವತ್ತು ದಿನದ ವಿಷಯವನ್ನೂ ಹೇಳುತ್ತಾನೆ.

ಕಳೆದ ಬೇಸಿಗೆಯಲ್ಲಿ ದುಗ್ಗಮ್ಮ ಹಲಸಿನ ಹಪ್ಪಳದ ಕಟ್ಟು ತಂದು ಟೀಪಾಯಿಯ ಮೇಲೆ ಇಟ್ಟಳು. ಬೆಳ್ಳಪ್ಪ ಕಟ್ಟನ್ನು ಕೈಯಲ್ಲಿ ಎತ್ತಿ ನೋಡಿದ.

“ನಾಗೇಂದ್ರಂಗೂ ಕೊಟ್ಯಾ?”

“ಕೊಟ್ಟೆ ಅಣ್ಣ. ಬರ್ತಾ ಅಲ್ಲಿಗೇ ಹೋಗಿದ್ದೆ.”

“ಎಷ್ಟು?”

ದುಗ್ಗಮ್ಮ ಅವನ ಮುಖ ನೋಡಿದಳು. “ಅವ್ರಿಗೆ ನೂರು, ನಿಂಗೆ ಐವತ್ತು,” ಎಂದಳು. ಅವಳಿಗೆ ನಗು ತಡೆಯಲಾಗಲಿಲ್ಲ. ಪುಷ್ಪಮ್ಮ ಒಳಗೆ ಎಣ್ಣೆ ಕಾಯಲು ಇಟ್ಟಳು. ಬೆಳ್ಳಪ್ಪ ಕಟ್ಟಿನ ದಾರ ಬಿಚ್ಚತೊಡಗಿದ.